ಇಪ್ಪತ್ತನಾಲ್ಕೋ, ಆರೋ

ಎಲ್ಡನ್ ವೋಲ್ಕರ್ ವಿಸ್ಕಾನ್ಸಿನ್ನಿನ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದವನು. ಅವನಿಗೆ ಗ್ರಾಫ್ ಕ್ಯಾಲ್ಕ್ಯುಲೇಟರಿನ ಮೇಲೆ ಅಪಾರ ಭಕ್ತಿ. (ಅವನ ಹೆಂಡತಿ ಮಾರ್ಲಿಸ್‌ಗೆ ಕ್ಯಾಲ್ಕ್ಯುಲೇಟರಿನ ಮೇಲೂ ನಂಬಿಕೆಯಿರಲಿಲ್ಲ, ಅದನ್ನು ಒತ್ತುವವನ ಮೇಲೂ.)

ಅತ್ತೆ ಹಿಲ್ಡೆಗಾರ್ಡಳ ಎಂಬತ್ತನೇ ಹುಟ್ಟುಹಬ್ಬಕ್ಕೆಂದು ಎಲ್ಡನ್ ಮನೆಯ ಹಿಂದೆ ಮರದ ಜಗಲಿ ಕಟ್ಟಿಸಿದ. ನಕ್ಷೆ, ಲೆಕ್ಕ ಎಲ್ಲ ಅವನದೇ. ಜಗಲಿ ಎಷ್ಟು ಜನರನ್ನು ಹೊರುತ್ತದೆಂಬ ಸೂತ್ರವನ್ನೂ ಅವನೇ ಕಂಡುಹಿಡಿದಿದ್ದ: ಇಪ್ಪತ್ತನಾಲ್ಕನ್ನು 2xನಿಂದ ಭಾಗಿಸಬೇಕು. x ಎಂದರೆ ತೊಲೆಯಿಂದ ತೊಲೆಗಿರುವ ಅಂತರ, ಎರಡು ಅಡಿ. ಹೊಸ ಕ್ಯಾಲ್ಕ್ಯುಲೇಟರ್ ಇಪ್ಪತ್ತನಾಲ್ಕು ಜನ ಎಂದಿತು. ದಶಮಾಂಶದ ಆಚೆಗೆ ಒಂಬತ್ತು ಸೊನ್ನೆ ಸಾಲಾಗಿ ನಿಂತಿದ್ದವು. ಅಷ್ಟೊಂದು ಸೊನ್ನೆ ಇಟ್ಟುಕೊಂಡ ಅಂಕಿ ಸುಳ್ಳು ಹೇಳುತ್ತದೆಯೇ? ಅತ್ತೆಗೂ ಅದನ್ನು ಹೆಮ್ಮೆಯಿಂದ ತೋರಿಸಿದ್ದ.

ಹಬ್ಬದ ಮಧ್ಯಾಹ್ನ ಅಂಗಳದ ಒಲೆಯಲ್ಲಿ ಬೇಯುತ್ತಿದ್ದ ಸಾಸೇಜು ಚುಚ್ಚಲು ಫೋರ್ಕು ಹುಡುಕುತ್ತ ಅಡಿಗೆಮನೆಯ ಡ್ರಾಯರ್ ಎಳೆದಾಗ ಅವನ ಹಳೇ ಕ್ಯಾಲ್ಕ್ಯುಲೇಟರ್ ಸಿಕ್ಕಿತು. ಸುಮ್ಮನೆ ಅದೇ ಲೆಕ್ಕ ಒತ್ತಿದ. ಉತ್ತರ: ಆರು.

ಮತ್ತೆ ಒತ್ತಿದ. ಆರು.

ಆಗ ಹೊಳೆಯಿತು. ಹಳೆಯದು 2x ಅನ್ನು ಒಂದೇ ಗಂಟು ಎಂದು ಹಿಡಿದು, ಮೊದಲು ಗುಣಿಸಿ, ಆಮೇಲೆ ಭಾಗಿಸಿತ್ತು. ಹೊಸದು ಎಡದಿಂದ ಬಲಕ್ಕೆ ಹೊರಟು, ಮೊದಲು ಎರಡರಿಂದ ಭಾಗಿಸಿ, ಬಂದದ್ದನ್ನು x ನಿಂದ ಗುಣಿಸಿಬಿಟ್ಟಿತ್ತು. ಒಂದು ಜೊತೆ ಆವರಣ ಚಿಹ್ನೆ ಹಾಕಿದ್ದರೆ ಸಾಕಿತ್ತು. ಅದನ್ನು ಮರೆತ ಮಕ್ಕಳ ಅಂಕವನ್ನು ಮೂವತ್ತೊಂದು ವರ್ಷ ಕತ್ತರಿಸಿದವನು ಅವನೇ.

ಕಿಟಕಿಯಲ್ಲಿ ಇಣುಕಿ ಎಣಿಸಿದ. ಜಗಲಿಯ ಮೇಲೆ ಹತ್ತೊಂಬತ್ತು ಜನ. ಅಕಾರ್ಡಿಯನ್ ವಾದ್ಯ ಒಬ್ಬನ ಹೆಗಲಿಗೇರಿತ್ತು. ಪೋಲ್ಕಾ ಕುಣಿತಕ್ಕೆ ಜೋಡಿಗಳು ನಿಂತಿದ್ದವು. ನಟ್ಟನಡುವೆ ಅತ್ತೆ.

ಎಲ್ಡನ್ ಓಡಿದ. ಹಲಗೆಯ ಮೇಲೆ ಕಾಲಿಡಲು ಧೈರ್ಯ ಸಾಲದೆ ಬಾಗಿಲಲ್ಲೇ ನಿಂತ.

"ಅತ್ತೆ, ಕೇಕು ಒಳಗಿದೆ, ಬನ್ನಿ."

"ಇಲ್ಲಿಗೇ ತಾ."

"ಇಲ್ಲಿ ಕಣಜದ ಹುಳ ಇದೆ."

"ಎಂಬತ್ತು ವರ್ಷದಿಂದ ಕಚ್ಚಿಸಿಕೊಂಡಿದ್ದೀನಿ. ಆಚೆ ಸರಿ, ಗಾಳಿ ಬರಲಿ."

ಸಂಗೀತ ಶುರುವಾಯಿತು. ಮೂವತ್ತೆಂಟು ಕಾಲು ಒಟ್ಟಿಗೆ ಬಿದ್ದವು. ಹಲಗೆ ಕಿರ್ ಎಂದಿತು. ಎಲ್ಡನ್ ಕಣ್ಣು ಮುಚ್ಚಿದ. ಒಂದು ಮುರಿದ ಸೊಂಟ, ಒಂದು ಶವಪೆಟ್ಟಿಗೆ, ಅದರ ಪಕ್ಕ ತನ್ನತ್ತಲೇ ನೋಡುತ್ತಿರುವ ಮಾರ್ಲಿಸ್, ಎಲ್ಲ ಕಂಡವು.

"ಯಾಕೆ ಹೀಗೆ ಬಿಳಿಚಿಕೊಂಡಿದ್ದೀಯ?" ನಿಜವಾದ ಮಾರ್ಲಿಸ್ ಪಕ್ಕದಲ್ಲೇ ಇದ್ದಳು.

"ಜಗಲಿ ಬೀಳುತ್ತೆ," ಎಂದ. "ಆರು ಜನ ಅಷ್ಟೇ. ಲೆಕ್ಕ ತಪ್ಪಿದೆ. ನಂದೇ ತಪ್ಪು."

ಮದುವೆಯಾದಾಗಿನಿಂದ ಅವಳು ಆ ಕೊನೆಯ ಎರಡು ಪದ ಕೇಳಿರಲಿಲ್ಲ. ಕೇಳಿ ಕೊಂಚ ಸವಿದಳು.

"ನಿನ್ನ ನಕ್ಷೆ ನೋಡಿ ಬಡಗಿ ನಗೋಕೆ ಶುರು ಮಾಡಿದ. ಅದನ್ನ ಮಡಚಿಟ್ಟು, ಅಡಿಗೊಂದು ತೊಲೆ, ಒಂದೊಂದು ಕಂಬಕ್ಕೂ ಕಾಂಕ್ರೀಟು ಹಾಕು ಅಂತ ನಾನೇ ಹೇಳಿದೆ. ಇದರ ಮೇಲೆ ಟ್ರ್ಯಾಕ್ಟರು ನಿಲ್ಲಿಸಬಹುದು. ನಿಂಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

ಎಲ್ಡನ್‌ಗೆ ಅವಮಾನವಾಗಬೇಕಿತ್ತು, ಆಗಿದ್ದು ಬರೀ ಆನಂದ. ಕುಣಿಯುವವರ ನಡುವೆ ನುಗ್ಗಿ, ಅತ್ತೆಯ ಕೆನ್ನೆಗೆ ಮುತ್ತಿಟ್ಟು, ಸಾಸೇಜು ಕರಕಲಾಗುವ ಮುನ್ನ ಅಂಗಳದ ಒಲೆಗೆ ಓಡೋಣವೆಂದು ಮೆಟ್ಟಿಲಿಗೆ ಕಾಲಿಟ್ಟ.

ಬಡಗಿ ಜಗಲಿ ಮುಗಿಸಿ ಹೋದಮೇಲೆ ಆ ಮೆಟ್ಟಿಲನ್ನು ಎಲ್ಡನ್ ಸ್ವಂತ ಲೆಕ್ಕದಲ್ಲಿ, ಸ್ವಂತ ಕೈಯಿಂದ ಮಾಡಿದ್ದ. ಅದು ಲಟಕ್ಕೆಂದಿತು. ಅವನು ತೊಡೆಯವರೆಗೆ ಒಳಗಿಳಿದು ನಿಂತ.

ಅಕಾರ್ಡಿಯನ್ ನಿಂತಿತು. ಹಿಲ್ಡೆಗಾರ್ಡ್ ಕಟಕಟೆ ಹಿಡಿದು ಬಗ್ಗಿ ನೋಡಿದಳು.

"ಇದು ಎಷ್ಟು ಜನಕ್ಕೆ ಅಂತ ಲೆಕ್ಕ ಬಂದಿತ್ತು, ಎಲ್ಡನ್?"