ಹೇಗೂ ಹೋಗುವ ವಿಮಾನ

ಎಲ್ಲ ಶುರುವಾದದ್ದು ದೇವಕಿ ಚಿಕ್ಕಮ್ಮನ ಒಂದು ಭರಣಿ ಮಿಡಿ ಉಪ್ಪಿನಕಾಯಿಯಿಂದ.

ಆ ಶುಕ್ರವಾರ ಬೆಳಿಗ್ಗೆ ಪುತ್ತೂರು ಪೇಟೆಯ ತನ್ನ ಕೋಣೆಯೆದುರು ಕೃಷ್ಣಮೋಹನ ಬಿಸಿ ಕಾವಲಿಯ ಮೇಲೆ ನಿಂತವನ ಹಾಗೆ ಕಾಲು ಬದಲಿಸುತ್ತಿದ್ದ. ತಲೆಯ ಮೇಲೆ ‘ಪಯಸ್ವಿನಿ ವಿಮಾನ ಸಾಗಾಟ ಕಂಪನಿ, ಪುತ್ತೂರು ಏಜೆಂಟರು’ ಎಂಬ ನೀಲಿ ಬೋರ್ಡು. ಸೊಸೈಟಿಯ ಗುಮಾಸ್ತಿಕೆ ಬಿಟ್ಟು ಹಾಕಿಸಿದ ಬೋರ್ಡು ಅದು. ಒಂದು ಮಳೆಗಾಲ ಕಳೆದು ಅದರ ಬಣ್ಣ ಮಾಸಿತ್ತೇ ಹೊರತು, ಪುತ್ತೂರಿನಿಂದ ಒಂದು ಹುಲ್ಲುಕಡ್ಡಿಯೂ ಆಕಾಶಕ್ಕೆ ಏರಿರಲಿಲ್ಲ.

ಕಂಪನಿಯೂ ದೊಡ್ಡದೇನಲ್ಲ. ಸುಳ್ಯದ ಕಡೆ ಮರದ ವ್ಯಾಪಾರದಲ್ಲಿ ಕಾಸು ಮಾಡಿದ ಧಣಿಯೊಬ್ಬರು ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಎರಡು ಡಕೋಟ ವಿಮಾನ ಹಿಡಿದಿದ್ದರು. ಒಂದು ಹಾರುತ್ತಿತ್ತು. ಇನ್ನೊಂದು ಆ ಹಾರುವ ವಿಮಾನಕ್ಕೆ ನಟ್ಟು, ಬೋಲ್ಟು, ಚಕ್ರ ಕೊಟ್ಟು ಕೊಟ್ಟು, ಮದುವೆ ಮುಗಿದ ಚಪ್ಪರದ ಹಾಗೆ ಕೊಚ್ಚಿಯಲ್ಲಿ ನಿಂತಿತ್ತು. ಹಾರುವಂಥದ್ದು ವಾರಕ್ಕೊಮ್ಮೆ ಕೊಚ್ಚಿಯಿಂದ ಹೊರಟು, ಬಜಪೆಯಲ್ಲಿ ಇಳಿದು ಪೆಟ್ರೋಲು ಕುಡಿದು, ಬೊಂಬಾಯಿಗೆ ಹೋಗುತ್ತಿತ್ತು.

ಹಿಂದಿನ ವಾರ ಮಂಗಳೂರಿನಿಂದ ಮ್ಯಾನೇಜರರು ಬಂದು, ಬರುವ ಶುಕ್ರವಾರ ಬಾಡಿಗೆ ಕೊಟ್ಟ ಸರಕು ಪುತ್ತೂರಿನಿಂದ ಏರದಿದ್ದರೆ ಬೋರ್ಡು ಇಳಿಸುವುದೇ ಎಂದು ಹೇಳಿ ಹೋಗಿದ್ದರು. ಆಗ ಕೈ ಹಿಡಿದವರು ಕೆದಂಬಾಡಿಯ ಯಜ್ಞೇಶ್ವರ ಭಾವ. ಬೊಂಬಾಯಿಯಲ್ಲಿ ಹೋಟೆಲು ಇಟ್ಟ ಅವರ ತಮ್ಮನ ಮನೆಯಲ್ಲಿ ಸೋಮವಾರ ನಾಗದೇವರಿಗೆ ತಂಬಿಲದ ಪೂಜೆ. ಅಡಿಕೆಯ ಹೂಗೊನೆ ಹಿಂಗಾರ ಇಲ್ಲದೆ ನಾಗನ ಕೆಲಸ ನಡೆಯುವುದಿಲ್ಲ. ಬೊಂಬಾಯಿಯಲ್ಲಿ ಅದು ಸಿಗುವುದಿಲ್ಲ. ಭಾವ ಎರಡು ಬುಟ್ಟಿ ಹಿಂಗಾರ ತಂದಿಟ್ಟು ಬಾಡಿಗೆಯನ್ನೂ ಕೊಟ್ಟುಬಿಟ್ಟರು. ಬಾಡದೆ ಮುಟ್ಟಬೇಕು, ಅಷ್ಟೇ.

ಬುಟ್ಟಿಗೆ ನೀರು ಚಿಮುಕಿಸುತ್ತಿದ್ದಾಗ ಪಕ್ಕದ ಮನೆಯ ದೇವಕಿ ಚಿಕ್ಕಮ್ಮ ಭರಣಿ ಅಪ್ಪಿಕೊಂಡು ಬಂದರು.

“ಮೋಹನಾ, ವಿಮಾನ ಇವತ್ತು ಹೋಗುದಂತೆ, ಹೌದಾ?”

“ಹೌದು ಚಿಕ್ಕಮ್ಮ. ಬಾಡಿಗೆಯ ಸರಕು ಉಂಟು.”

“ಹಾಗಾದ್ರೆ ಇದನ್ನೊಂದು ಇಟ್ಟುಕೋ. ಬೊಂಬಾಯಿಯಲ್ಲಿರುವ ನಮ್ಮ ಮಗಳು ಸೇವಂತಿಗೆ. ವಿಮಾನ ಹೇಗೂ ಹೋಗುದಲ್ವ?”

ಆ ಸೀಮೆಯ ಕ್ರಮವೇ ಹಾಗೆ. ಬಸ್ಸಾಗಲಿ, ಗಾಡಿಯಾಗಲಿ, ದಿಬ್ಬಣವಾಗಲಿ, ಹೇಗೂ ಹೋಗುವವರು ಕೊಟ್ಟದ್ದನ್ನು ಮುಟ್ಟಿಸಬೇಕು. ಅದಕ್ಕೆ ಬಾಡಿಗೆ ಕೇಳುವುದೆಂದರೆ, ಮನೆಗೆ ಬಂದ ನೆಂಟರಿಗೆ ಬೆಲ್ಲ ನೀರು ಕೊಟ್ಟು ದುಡ್ಡು ಕೇಳಿದ ಹಾಗೆ. ಕೃಷ್ಣಮೋಹನ ಭರಣಿಗೆ ಕೈ ಚಾಚಿದ.

ಭರಣಿ ಒಳಗೆ ಹೋದದ್ದನ್ನು ಪೇಟೆ ನೋಡಿತು. ಸುಳ್ಯದ ಬಸ್ಸಿನಿಂದ ಇಳಿದ ಕುಶಾಲಪ್ಪ ಗೌಡರು ಹೆಗಲಿನಿಂದ ಹಲಸಿನಹಣ್ಣು ಇಳಿಸಿ, ಬೊಂಬಾಯಿಯ ಅಳಿಯನ ಹೆಸರು ಹೇಳಿದರು. ಭಾರವಾದೀತು ಎಂದು ಕೃಷ್ಣಮೋಹನ ಗೊಣಗಿದ.

“ಒಂದೇ ಹಣ್ಣು ಮಾರಾಯ್ರೆ. ಅಷ್ಟಕ್ಕೇ ಬಗ್ಗುವ ವಿಮಾನವಾದ್ರೆ ಜನ ಹತ್ತುದು ಹೇಗೆ?”

ಕಡಬದ ದೇವಮ್ಮ ಮಗಳಿಗೆಂದು ತೆಂಗಿನ ಕಡ್ಡಿಯ ಹಿಡಿಸೂಡಿ ತಂದರು. ಬೊಂಬಾಯಿಯ ಹಿಡಿಸೂಡಿಯಲ್ಲಿ ಕಸ ಹೋಗುವುದಿಲ್ಲವಂತೆ. ಬಜಪೆಗೆಂದು ಹತ್ತಿದ ಮಂಗಳೂರು ಬಸ್ಸು ಹೊರಡುವಾಗ ಕೃಷ್ಣಮೋಹನನ ಸುತ್ತ ಗಂಟುಗಳ ಕೋಟೆ ಎದ್ದಿತ್ತು. ಕಬಕದಲ್ಲಿ ನೆಬೀಸಮ್ಮ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ, ಬೊಂಬಾಯಿ ಬಂದರಿನಲ್ಲಿ ಕೆಲಸಕ್ಕಿರುವ ಮಗನಿಗೆ ಒಣಮೀನಿನ ಕಟ್ಟು ಕೊಟ್ಟರು. ಮೂಸಿದರೂ ಗೊತ್ತಾಗದ ಹಾಗೆ ಕಟ್ಟಿದ್ದೇನೆ ಎಂದರು. ಕಲ್ಲಡ್ಕ ದಾಟುವ ಮೊದಲೇ ಬಸ್ಸಿಗೆಲ್ಲ ಗೊತ್ತಾಯಿತು. ನಾಗನ ಹಿಂಗಾರಕ್ಕೆ ಮೀನಿನ ಗಾಳಿ ತಾಗಬಾರದೆಂದು ಅವನು ಎರಡೂ ಬುಟ್ಟಿಗಳನ್ನು ಅವಳಿ ಮಕ್ಕಳ ಹಾಗೆ ತೊಡೆಯ ಮೇಲಿಟ್ಟುಕೊಂಡ. ಅಷ್ಟರಲ್ಲಿ ಹಲಸಿನಹಣ್ಣು ಬಾಯಿಬಿಟ್ಟಿತು.

ಬಜಪೆಯಲ್ಲಿ ತಕ್ಕಡಿಯವನು ರಾಶಿ ನೋಡಿಯೇ ತಲೆ ಅಲ್ಲಾಡಿಸಿದ. ಪಕ್ಕದಲ್ಲಿ ಮ್ಯಾನೇಜರರು ಕೈ ಕಟ್ಟಿ ನಿಂತಿದ್ದರು. ಇದರಲ್ಲಿ ಬಾಡಿಗೆಯದ್ದು ಯಾವುದು ಎಂದು ಕೇಳಿದರು. ಕೃಷ್ಣಮೋಹನ ಹಿಂಗಾರ ತೋರಿಸಿದ. ಉಳಿದದ್ದು ಏನು ಎಂದಾಗ ಕಣ್ಣುಮುಚ್ಚಿ, ದೇವಕಿ ಚಿಕ್ಕಮ್ಮನ ಮುಖ ನೆನಪಿಗೆ ಬಾರದಂತೆ ನೋಡಿಕೊಂಡು, ಭರಣಿ, ಹಣ್ಣು, ಹಿಡಿಸೂಡಿ, ಮೀನು ಎಲ್ಲವನ್ನೂ ತನ್ನ ಕೈಯಾರೆ ಗೋಳಿಮರದ ಬುಡಕ್ಕೆ ಸರಿಸಿದ. ಜನ್ಮದಲ್ಲಿ ಮೊದಲ ಸಲ ಅವನು ಬೇಡ ಅಂದದ್ದು. ಬೋರ್ಡು ಉಳಿಯಿತು ಅನಿಸಿ ಮೈ ಹಗುರವಾಯಿತು.

ವಿಮಾನ ಕೆಮ್ಮುತ್ತಾ ಇಳಿಯಿತು. ಕೃಷ್ಣಮೋಹನ ಎರಡೂ ಕಂಕುಳಲ್ಲಿ ಬುಟ್ಟಿ ಹಿಡಿದು ಓಡಿದ. ಬಾಗಿಲು ತೆರೆಯಿತು, ಒಳಗಿನಿಂದ ಒಂದು ಬಾಳೆಗೊನೆ ಜಾರಿ ಅವನ ಪಾದದ ಮೇಲೆ ಬಿತ್ತು.

ನೆಲದಿಂದ ಮಾಡಿನವರೆಗೆ ಗಂಟುಗಳು. ಹಪ್ಪಳದ ಡಬ್ಬ, ಎಣ್ಣೆಯ ಕುಪ್ಪಿ, ಯಾರದೋ ತೊಟ್ಟಿಲು. ಅವುಗಳ ಸಂದಿನಿಂದ ವಿಮಾನ ನಡೆಸುವ ಮೇದಪ್ಪ ಹೊರಬಂದ. ಧಣಿಯ ಊರಿನವನೇ, ಮಿಲಿಟರಿಯಲ್ಲಿ ವಿಮಾನ ಬಿಟ್ಟವನು, ಆಳು ಆರಡಿ.

“ಇದೆಲ್ಲ ಬಾಡಿಗೆಯದ್ದಾ?” ಮ್ಯಾನೇಜರರು ಒಳಗೆ ಇಣುಕಿದರು.

“ಯಾರ ಹತ್ರ ಕೇಳುದು? ಎಲ್ಲ ಕೊಚ್ಚಿಯಲ್ಲಿರುವ ನಮ್ಮೂರಿನವರು. ಹೇಗೂ ಹೋಗುದಲ್ವ ಅಂದ್ರು.”

“ಪ್ರತಿ ವಾರವೂ ಹೀಗೆಯಾ?”

ಮೇದಪ್ಪ ಟೊಪ್ಪಿ ತೆಗೆದು ಅದರ ಒಳಗನ್ನು ಪರೀಕ್ಷಿಸತೊಡಗಿದ.

ಅಷ್ಟರಲ್ಲಿ ಪೆಟ್ರೋಲಿನವನು ಬಂದು, ಹಳೆಯ ಬಾಕಿ ಬಾರದೆ ಒಂದು ತೊಟ್ಟೂ ಹಾಕುವುದಿಲ್ಲವೆಂದ. ಮ್ಯಾನೇಜರರು ಧಣಿಗೆ ಫೋನು ಮಾಡಲು ಓಡಿದರು. ತಿರುಗಿ ಬರುವಾಗ ನಡೆದು ಬಂದರು. ಬಾಕಿ ಕಟ್ಟಲು ಧಣಿಯ ಕೈಯಲ್ಲೂ ಕಾಸಿಲ್ಲ, ಇವತ್ತಿಗೆ ಕಂಪನಿ ಮುಚ್ಚಿತು ಎಂದರು.

ಕೃಷ್ಣಮೋಹನನ ಬಾಯಿಯಿಂದ ಹೊರಟದ್ದು ಒಂದೇ ಮಾತು. “ಹಾಗಾದ್ರೆ ನನ್ನ ಬೋರ್ಡು?”

“ಅದು ಇರಲಿ. ಕಂಪನಿಯೇ ಇಲ್ಲ, ಬೋರ್ಡಾದ್ರೂ ಇರಲಿ. ಆದ್ರೆ ಆ ಹಿಂಗಾರಕ್ಕೆ ನೀವು ಬಾಡಿಗೆ ತಗೊಂಡಿದ್ದೀರಿ. ನಾಗನ ಕೆಲಸ. ಸಂಜೆ ಮಂಗಳೂರಿನಿಂದ ಹುಬ್ಬಳ್ಳಿಗೆ ಬಸ್ಸುಂಟು, ಅಲ್ಲಿಂದ ರೈಲು. ದಾರಿಯುದ್ದಕ್ಕೂ ನೀರು ಚಿಮುಕಿಸ್ತಾ ಹೋಗಿ.”

ನಾಗನ ಹೆಸರೆತ್ತಿದ ಮೇಲೆ ಹೋಗಲೇಬೇಕು. ಅವನು ತಲೆಯಾಡಿಸಿದ. ಮೇದಪ್ಪ ಗಂಟಲು ಸರಿಮಾಡಿಕೊಂಡು ವಿಮಾನದ ಹೊಟ್ಟೆಯ ಕಡೆ ನೋಡಿದ, ಕೃಷ್ಣಮೋಹನನ ಕಡೆ ನೋಡಿದ.

“ಮೋಹನಣ್ಣ, ನೀವು ಹೇಗೂ ಹೋಗುದಲ್ವ?”

ಸಂಜೆ ಹುಬ್ಬಳ್ಳಿ ಬಸ್ಸಿನ ಮೇಲೆ ಇಡೀ ವಿಮಾನದ ಸರಕು ಏರಿತು. ಅದರ ಮೇಲೆ ಗೋಳಿಮರದ ಬುಡದ ಭರಣಿ, ಹಲಸು, ಹಿಡಿಸೂಡಿ, ಮೀನು. ಕೊನೆಗೆ ಮ್ಯಾನೇಜರರು ಓಡೋಡಿ ಬಂದು, ದಾದರಿನಲ್ಲಿರುವ ತಂಗಿಗೆಂದು ಒಂದು ಪೊಟ್ಟಣವನ್ನು ಕಿಟಕಿಯಿಂದ ತುರುಕಿದರು. ಹಿಂಗಾರ ತೊಡೆಯ ಮೇಲಿತ್ತು.

ಹಗ್ಗ ಬಿಗಿದು ಬಿಗಿದು ಬೆವರಿ ಇಳಿದ ಕಂಡಕ್ಟರ್ ಬೋಜ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

“ಎಂತ ಮಾರಾಯ್ರೆ, ಇಷ್ಟೆಲ್ಲ ಬಸ್ಸಿನಲ್ಲಿ ತರುದಾ? ಪುತ್ತೂರಿನಲ್ಲಿ ವಿಮಾನದ ಏಜೆಂಟರು ಒಬ್ರು ಇದ್ದಾರಂತೆ. ಅವರ ಹತ್ರ ಕೊಡ್ಲಿಕ್ಕೆ ಆಗುದಿಲ್ವಾ?”