ಸ್ವರ್ಗಸ್ಥ ಶಾಸಕರಿಗೆ, ಟ್ಯಾಂಕರ್ ನೀರಿನ ವಿಷಯವಾಗಿ

ನಮ್ಮ ಕ್ಷೇತ್ರವನ್ನು ಕೊನೆಯುಸಿರಿನವರೆಗೂ ಬಿಟ್ಟುಕೊಡದ ದಿವಂಗತ ಶಾಸಕ ಸುಬ್ಬರಾಯರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಜೀಡಿಮೆಟ್ಲಾ ಕಾರ್ಖಾನೆಗಳ ಹಿಂಬದಿಯಲ್ಲಿರುವ, ಕೂಲಿಕಾರರೇ ಹೆಚ್ಚಿರುವ ನಮ್ಮ ಬಸ್ತಿಯ ಸಮಸ್ತರ ನಮಸ್ಕಾರಗಳು. ತಾವು ಅಲ್ಲಿ ಕ್ಷೇಮವೆಂದು ನಂಬಿದ್ದೇವೆ; ತಾವಿಲ್ಲದೆ ಇಲ್ಲಿಯೂ ಯಾವ ವ್ಯತ್ಯಾಸವೂ ಆಗಿಲ್ಲ. ನಾನು ಕುಮುದಾ, ಧಾರವಾಡದವಳು, ಯಜಮಾನರು ಇಲ್ಲಿ, ಈ ತೆಲುಗು ಸೀಮೆಯಲ್ಲಿ, ರಕ್ಷಣಾ ಕಾರ್ಖಾನೆಯ ನೌಕರಿಯಲ್ಲಿದ್ದಾರೆ. ಪಕ್ಕದ ಓಣಿಯ ಯಂಕಮ್ಮ ತಮ್ಮ ಶವಯಾತ್ರೆಗೆ ಅಡ್ಡಿಪಡಿಸಿದಳೆಂದು ಠಾಣೆಯಲ್ಲಿ ದೂರು ದಾಖಲಾಗಿದ್ದು, ಕ್ಷಮಾಪಣೆ ಬರೆದುಕೊಟ್ಟರೆ ಕೈಬಿಡುವುದಾಗಿ ಇನ್‌ಸ್ಪೆಕ್ಟರರು ಹೇಳಿರುವುದರಿಂದ, ಓದುಬರಹ ಬಾರದ ಅವಳ ಪರವಾಗಿ ಇದನ್ನು ಬರೆಯುತ್ತಿದ್ದೇನೆ. ಸತ್ತವರಿಗೆ ಅಂಚೆ ಮುಟ್ಟುವುದು ಅನುಮಾನವಾದ್ದರಿಂದ ಪತ್ರಿಕೆಗೂ ಕೊಟ್ಟಿದ್ದೇನೆ.

ಕಾಲು ಶತಮಾನ ತಾವು ನಮ್ಮನ್ನು ಪ್ರತಿನಿಧಿಸಿದಿರಿ. ಅಂದರೆ ನಾವು ನೋಡಬೇಕಾಗಿದ್ದ ಒಳ್ಳೊಳ್ಳೆಯ ಜಾಗಗಳನ್ನೆಲ್ಲ ನಮ್ಮ ಪರವಾಗಿ ತಾವೇ ನೋಡಿಬಂದಿರಿ. ಬೋರ್‌ವೆಲ್‌ನಲ್ಲಿ ಹಳದಿ ನೀರು ಬರುತ್ತಿದೆ, ನಳ ಹಾಕಿಸಿ ಎಂದು ನಾವು ಅಂಗಲಾಚಿದಾಗ, ಇದು ಕಂಪ್ಯೂಟರ್ ಯುಗವೆಂದು ತಿಳಿಹೇಳಿ ಇಂಟರ್ನೆಟ್ ಕೇಂದ್ರ ಕೊಡಿಸಿದಿರಿ. ತಾವು ರಿಬ್ಬನ್ ಕತ್ತರಿಸಿದ ಗಳಿಗೆಯಲ್ಲೇ ಕರೆಂಟೂ ಹೋಯಿತು. ಈಗ ಅಲ್ಲಿ ತಮ್ಮ ಕಾರ್ಯಕರ್ತರ ಸಿಮೆಂಟ್ ಚೀಲಗಳು ಸುರಕ್ಷಿತವಾಗಿವೆ.

ಯಂಕಮ್ಮ ರಾಯಚೂರು ಕಡೆಯವಳು, ಮಾದಾಪುರದಲ್ಲಿ ಏಳುತ್ತಿರುವ ಗಾಜಿನ ಕಟ್ಟಡಗಳಿಗೆ ಗಾರೆ ಹೊರುತ್ತಾಳೆ. ಅವಳ ಮಗಳು ಉಮಾಶ್ರೀ ಆ ಹಳದಿ ನೀರು ಕುಡಿದು ವಾಂತಿಭೇದಿಯಾಗಿ, ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದಳು. ಕಾಯಿಸಿ ಆರಿಸಿದ ಒಳ್ಳೆಯ ನೀರನ್ನೇ ಕೊಡಬೇಕೆಂದು ಡಾಕ್ಟರು ಹೇಳಿದ್ದರು. ಒಳ್ಳೆಯದು ಎಲ್ಲಿ ಸಿಗುತ್ತದೆಂದು ಅವರು ಹೇಳಿರಲಿಲ್ಲ.

ಅಂಥ ಹೊತ್ತಿನಲ್ಲಿ ತಾವು ದಯಮಾಡಿ ತೀರಿಕೊಂಡಿರಿ. ಅಂತಿಮ ಯಾತ್ರೆಗೆ ಬರುವ ಮಂತ್ರಿಗಳ ಮೂಗಿಗೆ ದೂಳು ಹೋಗಬಾರದೆಂದು ನಮ್ಮ ರಸ್ತೆ ತೊಳೆಯಲು ಟ್ಯಾಂಕರ್ ಬಂತು. ತಿಳಿಯಾದ, ಕುಡಿಯುವ ನೀರು! ಚಕ್ರದ ಕೆಳಗೆ ಅದು ಹರಿದುಹೋಗುವುದನ್ನು ನೋಡುತ್ತ ನಿಂತಿದ್ದ ಯಂಕಮ್ಮ, ಕೊಡ ತಂದು ಟ್ಯಾಂಕರಿನ ಎದುರಿಗೇ ಕೂತುಬಿಟ್ಟಳು. ಕಾನ್‌ಸ್ಟೇಬಲ್ ಲಾಠಿ ಎತ್ತಿ ಗದರಿದರೂ ಏಳಲಿಲ್ಲ.

"ಸತ್ತೋರ ಬಾಯಾಗ ನೀರು ಬಿಡತಾರ, ಸರಿರೀ. ನನ್ನ ಮಗಳು ಇನ್ನಾ ಬದುಕೈತಿ. ಅದರ ಬಾಯಿಗೂ ಒಂದೀಟು ಬಿಡ್ರಿ," ಎಂದಳು.

ಕನ್ನಡ ತಿಳಿಯದ ಕಾನ್‌ಸ್ಟೇಬಲ್ ಪಕ್ಕದಲ್ಲಿ ನಿಂತಿದ್ದ ನನ್ನತ್ತ ನೋಡಿದ. ನಾನು ತೆಲುಗಿನಲ್ಲಿ ಹೇಳಿದೆ, ಒಂದು ಅಕ್ಷರವನ್ನೂ ಮೆದು ಮಾಡದೆ. ಅವನ ಲಾಠಿ ಕೆಳಗಿಳಿಯಿತು. ಡ್ರೈವರೇ ಇಳಿದು ಪೈಪನ್ನು ಕೊಡದೊಳಗೆ ಇಟ್ಟ. ಆಮೇಲೆ ಬಸ್ತಿಗೆ ಬಸ್ತಿಯೇ ಓಡಿಬಂತು. ಅಷ್ಟರಲ್ಲಿ ಹೂವಿನ ಲಾರಿಯ ಮೇಲೆ ತಾವು ಬಂದಿರಿ, ಕೊನೆಯ ಬಕೆಟ್ಟು ತುಂಬುವವರೆಗೂ ಶಾಂತವಾಗಿ ಕಾದಿರಿ. ಜನರಿಗಾಗಿ ತಾವು ಕಾದದ್ದನ್ನು ನಾವು ಅಂದೇ ಮೊದಲು ಕಂಡದ್ದು. ಕೆಲವರು ಭಾವುಕರಾಗಿ ಕೈಮುಗಿದರು ಕೂಡ.

ಗಣ್ಯರು ತಮ್ಮ ಮನೆಗೆ ಬಂದುಹೋಗುತ್ತಿದ್ದಷ್ಟು ದಿನವೂ ಟ್ಯಾಂಕರ್ ಬಂತು. ಉಮಾಶ್ರೀ ಎದ್ದು ಓಡಾಡಿದಳು. ತಮ್ಮ ಉತ್ತರಕ್ರಿಯೆ ಮುಗಿಯಿತು, ಟ್ಯಾಂಕರ್ ನಿಂತಿತು. ಶ್ರದ್ಧಾಂಜಲಿ ಸಭೆಯಲ್ಲಿ ತಮ್ಮನ್ನು ಬಡವರ ಬಾಯಾರಿಕೆ ಬಲ್ಲವರೆಂದು ಹೊಗಳಿ, ನೀರಿನ ಟಾಕಿಗೆಂದು ಬಿಟ್ಟಿದ್ದ ಜಾಗದಲ್ಲಿ ತಮ್ಮ ಕಂಚಿನ ಪ್ರತಿಮೆ ನಿಲ್ಲಿಸಲು ತೀರ್ಮಾನಿಸಿದರು.

ಇನ್ನು ಕ್ಷಮಾಪಣೆ. ಏನೆಂದು ಬರೆಯಲಿ ಎಂದು ಯಂಕಮ್ಮನನ್ನು ಕೇಳಿದಾಗ ಅವಳು, "ಹೆಣಕ್ಕ ಅಡ್ಡ ಕುಂತಿದ್ದು ತಪ್ಪಾತು ಅಂತ ಬರೀರಿ ಅಕ್ಕಾರ. ಕೊಡ ತುಂಬಿಸ್ಕೊಂಡಿದ್ದಕ್ಕ ಮಾತ್ರ ಬರೀಬ್ಯಾಡ್ರಿ," ಎಂದಳು. ಹಾಗೆಯೇ ಬರೆದಿದ್ದೇನೆ, ಹೆಬ್ಬೆಟ್ಟು ಒತ್ತಿದ್ದಾಳೆ.

ಕಡೆಯದಾಗಿ ಬಸ್ತಿಯವರೆಲ್ಲರ ವಿನಮ್ರ ಬೇಡಿಕೆ: ಬದುಕಿದ್ದಾಗ ತಮ್ಮಿಂದಾಗದ್ದು ತಮ್ಮ ಮರಣದಿಂದ ಸಾಧ್ಯವಾಗಿರುವುದರಿಂದ, ಬೇಸಿಗೆಯಲ್ಲಾದರೂ ತಿಂಗಳಿಗೊಮ್ಮೆ ತೀರಿಕೊಳ್ಳುವ ಕೃಪೆ ಮಾಡಬೇಕು. ಹೂವಿನ ಖರ್ಚನ್ನು ಬಸ್ತಿಯೇ ವಹಿಸಿಕೊಳ್ಳುತ್ತದೆ.

ಕೊಡ ಹಿಡಿದು ತಮಗೆ ವಿದಾಯ ಹೇಳಿದ,
ತಮ್ಮ ವಿಶ್ವಾಸಿ,
ಕುಮುದಾ

ತಾ.ಕ.: ಉಪಚುನಾವಣೆಗೆ ನಿಂತಿರುವ ತಮ್ಮ ಸುಪುತ್ರರು ನಿನ್ನೆ ಮತ ಕೇಳಲು ಬಂದಿದ್ದರು. ಬಸ್ತಿಯ ಹೆಂಗಸರೆಲ್ಲ ಬಿಪಿ, ಸಕ್ಕರೆ ಹೇಗಿದೆ ಎಂದು ಒಬ್ಬರಾದ ಮೇಲೊಬ್ಬರು ಕಾಳಜಿಯಿಂದ ವಿಚಾರಿಸಿದರು. ಎಲ್ಲವೂ ನಾರ್ಮಲ್ ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.