ಪಾಪ್ ಪಾರ್ಟಿಗಳ ತುಲನಾ ಸಮಿತಿ ಮತ್ತು ದೇವಕ್ಕನ ಕಣ್ಣೀರು

ಎಪ್ಪತ್ತಮೂರನೆಯ ಇಸವಿಯವರೆಗೆ ಮಲಾಡ್ ಪೂರ್ವದ ಕಲ್ಲುಖಾಣಿ ಚಾಳಿನಲ್ಲಿ ನುಡಿಸುವ ಎರಡು ಪಾಪ್ ಬ್ಯಾಂಡುಗಳಿದ್ದು, ಅವುಗಳಲ್ಲಿ ಯಾವುದು ಮೇಲು ಎಂಬುದು ಯಾವ ಸಕ್ಷಮ ಪ್ರಾಧಿಕಾರದಿಂದಲೂ ತೀರ್ಮಾನವಾಗಿರಲಿಲ್ಲ. ತೀರ್ಮಾನವಾಗದೆಯೇ ಜನ ಅವುಗಳನ್ನು ಕೇಳುತ್ತಿದ್ದರು, ಕುಣಿಯುತ್ತಿದ್ದರು, ಕೆಲವರು ಸಂತೋಷವನ್ನೂ ಪಟ್ಟಿದ್ದರು. ಇಂಥ ಅವ್ಯವಸ್ಥೆ ಅಷ್ಟು ವರ್ಷ ಹೇಗೆ ನಡೆಯಿತೆಂದು ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಒಂದು, ಸಿಕಂದರನ ಬ್ಲೂ ಡೈಮಂಡ್ ಪಾರ್ಟಿ. ಸಿಕಂದರ ಗ್ಯಾರೇಜಿನಲ್ಲಿ ಮೋಟಾರು ರಿಪೇರಿ ಮಾಡುವವ. ಅವನ ಗಿಟಾರಿಗೆ ಒಂದು ತಂತಿ ಕಡಿಮೆ ಇತ್ತು. ಇನ್ನೊಂದು, ಮರೆಪ್ಪನ ಥಂಡರ್ ಬ್ರದರ್ಸ್. ಮರೆಪ್ಪ ಕಾಂದಿವಲಿಯ ಕಾರಖಾನೆಯೊಂದರಲ್ಲಿ ಡಬ್ಬಿಗೆ ಮುಚ್ಚಳ ಹೊಡೆಯುವವ; ಡ್ರಮ್ಮು ಬಾರಿಸುವುದನ್ನೂ ಅಲ್ಲೇ ಕಲಿತಿದ್ದ. ಎರಡೂ ಪಾರ್ಟಿಯ ಹುಡುಗರು ಕಿವಿ ಮುಚ್ಚುವಷ್ಟು ಕೂದಲು ಬಿಟ್ಟು, ರಸ್ತೆ ಗುಡಿಸುವ ಅಗಲದ ಬೆಲ್ ಬಾಟಮ್ ಹಾಕುತ್ತಿದ್ದರು. ಹೀಗಾಗಿ ನೋಡಿ ಹೇಳಲು ಬರುತ್ತಿರಲಿಲ್ಲ, ಕೇಳಿ ಹೇಳಲಂತೂ ಬರುತ್ತಲೇ ಇರಲಿಲ್ಲ.

ಪ್ರಶ್ನೆ ಎದ್ದದ್ದು ದೇವಕ್ಕನಿಂದ. ದೇವಕ್ಕ ಕಟ್ಟಡಗಳ ಮೇಲೆ ಇಟ್ಟಿಗೆ ಹೊರುವ ಹೆಂಗಸು. ಗಂಡ ತೀರಿಹೋಗಿದ್ದ, ಇದ್ದವಳು ಮಗಳು ಸುಂದ್ರವ್ವ ಒಬ್ಬಳೇ. ಆಕೆಗೆ ದಾದರಿನ ಭೀಮರಾಯನೆಂಬ ಹುಡುಗನ ಜೊತೆ ಲಗ್ನ ಗಟ್ಟಿಯಾಯಿತು. ಹುಡುಗ ಸಂಭಾವಿತ, ಕುಡಿಯುವವನಲ್ಲ. ಸುಂದ್ರವ್ವನೂ ಅವನನ್ನು ಒಂದು ಸಲ ನೋಡಿ, ಇನ್ನೊಂದು ಸಲ ನೋಡಲು ಏನಾದರೂ ನೆಪ ಸಿಕ್ಕೀತೇ ಎಂದು ಕಾಯುತ್ತಿದ್ದಳು. ಆದರೆ ಹುಡುಗನ ಅಪ್ಪ ಗುರಲಿಂಗಪ್ಪನವರು ದೊಡ್ಡ ಆಫೀಸೊಂದರಲ್ಲಿ ಲಿಫ್ಟ್‌ಮನ್. ದಿನವೂ ಸಾಹೇಬರನ್ನು ಮೇಲಕ್ಕೆ ಒಯ್ದು ಕೆಳಕ್ಕೆ ಇಳಿಸುವವರಾದ್ದರಿಂದ ಮೇಲು ಕೀಳಿನ ವಿಷಯದಲ್ಲಿ ಬಹಳ ಸೂಕ್ಷ್ಮ.

“ವರದಕ್ಷಿಣಿ ಗಿರದಕ್ಷಿಣಿ ಏನೂ ಬ್ಯಾಡ್ರೀ ಬೀಗತಿ,” ಎಂದರು ಅವರು. “ಪಾಪ್ ಬ್ಯಾಂಡ್ ಮಾತ್ರ ಬೇಕ ಬೇಕು. ಅದೂ ನಿಮ್ಮ ಎರಡು ಪಾರ್ಟಿಯಾಗ ಮೇಲಿಂದು ಯಾವುದೈತಿ, ಅದ. ಕೆಳಗಿಂದು ಬಂತಂದ್ರ ನಾ ದಾದರದಾಗ ಮಾರಿ ಎತ್ತಿ ಅಡ್ಡಾಡೂದು ಹ್ಯಾಂಗ? ಲಗ್ನ ಕ್ಯಾನ್ಸಲ್.”

“ಮೇಲಿಂದು ಯಾವುದ್ರೀ?”

“ಅದನ್ನ ನೀವ ಹೇಳಬೇಕು. ಹೆಣ್ಣಿನವರು ನೀವು.”

ದೇವಕ್ಕ ಅಂದು ಸುಮ್ಮನೆ ಕಣ್ಣು ಮುಚ್ಚಿ ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಆಕೆ ಹೋಗಿ ಚಾಳಿನ ಕನ್ನಡ ಸಂಘವನ್ನು ಕೇಳಿದಳು. ಸಂಘದ ಕಾರ್ಯದರ್ಶಿ ಗದಿಗೆಪ್ಪ ದಾದರಿನ ಕಚೇರಿಯೊಂದರಲ್ಲಿ ಸಿಪಾಯಿ. ಫೈಲು ಹೊತ್ತೂ ಹೊತ್ತೂ ಆತನ ಬಾಯಿಗೂ ಫೈಲಿನ ಭಾಷೆ ಹತ್ತಿತ್ತು. ಎರಡೇ ದಿನದಲ್ಲಿ ನಳದ ಪಕ್ಕದ ಗೋಡೆಗೆ ಹೀಗೊಂದು ಕಾಗದ ಅಂಟಿತು:

“ಪ್ರಕಟಣೆ. ಕುಮಾರಿ ಸುಂದ್ರವ್ವಳ ವಿವಾಹದ ನಿಮಿತ್ತ ಉದ್ಭವಿಸಿದ ಪ್ರಶ್ನೆಯನ್ನು ಪರಿಶೀಲಿಸಲು ಪಾಪ್ ಪಾರ್ಟಿಗಳ ತುಲನಾ ಸಮಿತಿಯನ್ನು ಈ ಮೂಲಕ ರಚಿಸಲಾಗಿದೆ. ಸಮಿತಿಯು ಸಂಗೀತದ ಜಟಿಲತೆ ಹಾಗೂ ಭಾವಪರಿಣಾಮ ಇವೆರಡನ್ನೂ ಅಳೆಯತಕ್ಕದ್ದು. ಅಳತೆ ಮುಗಿಯುವ ತನಕ ಯಾವ ಪಾರ್ಟಿಯೂ ಎಲ್ಲಿಯೂ ನುಡಿಸತಕ್ಕದ್ದಲ್ಲ. ಅಳತೆಗಾಗಿ ನುಡಿಸುವುದನ್ನು ನುಡಿಸುವುದೆಂದು ಭಾವಿಸತಕ್ಕದ್ದಲ್ಲ. ಸಮಿತಿಯ ಚಹಾ ಮತ್ತು ಕಾಂದಾ ಭಜಿಯ ಜವಾಬ್ದಾರಿ ಪಾರ್ಟಿಗಳದ್ದು.”

“ಯಪ್ಪಾ, ನಂಗ ಒಂದು ಹೆಸರು ಹೇಳಿದ್ರ ಸಾಕಾಗಿತ್ತು,” ಎಂದಳು ದೇವಕ್ಕ.

“ಹೆಸರು ಹೇಳಾಕ ನಮಗ ಅಧಿಕಾರ ಇಲ್ಲವ್ವಾ. ವಿಚಾರಣೆ ಮಾಡಾಕ ಐತಿ.”

ಮೊದಲ ಭಾನುವಾರ ಜಟಿಲತೆಯ ಪರೀಕ್ಷೆ. ಯಾವ ಹಾಡನ್ನು ಕೇಳಿದ ಮೇಲೆ ಗುನುಗಲು ಬರುವುದಿಲ್ಲವೋ ಅದು ಜಟಿಲ ಎಂದು ಸಮಿತಿ ನಿಯಮ ಮಾಡಿತು. ಗುನುಗುವ ಕೆಲಸಕ್ಕೆ ಗದಿಗೆಪ್ಪನ ಹೆಂಡತಿಯ ತಮ್ಮ ಶಂಕ್ರೆಪ್ಪ ನೇಮಕಗೊಂಡ. ಈ ಶಂಕ್ರೆಪ್ಪನನ್ನು ಹಿಂದೆ ಭಜನಾ ಮೇಳದವರು ಕೈಮುಗಿದು, ನೀನು ದೀಪ ಹಿಡಿದುಕೊಂಡು ನಿಂತರೆ ಸಾಕಪ್ಪಾ ಎಂದಿದ್ದರು. ಅಂಥವನು ಸಿಕ್ಕಿದ್ದು ಎರಡೂ ಪಾರ್ಟಿಗಳ ಪುಣ್ಯ.

ಥಂಡರ್ ಬ್ರದರ್ಸಿನವರು ಕಾಂದಿವಲಿಯಿಂದ ಲೋಕಲ್‌ನಲ್ಲಿ ಬರುವಾಗ ಯಾವ ಹಾಡು ಎಂಬುದರ ಮೇಲೆ ಜಗಳಾಡಿದ್ದರು. ಜಗಳ ಹರಿಯದ್ದರಿಂದ ಮೂವರೂ ತಂತಮ್ಮ ಹಾಡನ್ನೇ ನುಡಿಸಿದರು. ಸಮಿತಿ ತಲೆದೂಗಿತು. ಸಿಕಂದರ ಎದ್ದು ಆಕ್ಷೇಪಿಸಿದ: “ಸಾಬ್, ಮೂರು ಹಾಡು ನುಡಸೂದು ಏನ್ ದೊಡ್ಡದು? ನಮ್ಮ ಗಿಟಾರದಾಗ ಒಂದು ತಂತಿನ ಇಲ್ಲ. ಇಲ್ಲದ ತಂತಿ ಮ್ಯಾಲ ಬಟ್ಟು ಇಟ್ಟು ನುಡಸೂದು ಎಷ್ಟು ಮುಷ್ಕಿಲ್ ಐತಿ, ನೀವ ವಿಚಾರ ಮಾಡ್ರಿ!” ಸಮಿತಿ ವಿಚಾರ ಮಾಡಿ ಅದೂ ಹೌದೆಂದಿತು. ಶಂಕ್ರೆಪ್ಪನಿಗೆ ಎರಡನ್ನೂ ಗುನುಗಲು ಬರಲಿಲ್ಲ. ಜಟಿಲತೆಯಲ್ಲಿ ಇಬ್ಬರೂ ಸಮಾನರೆಂದು ಘೋಷಿಸಿ, ಭಜಿ ತಿಂದು ಸಭೆ ಎದ್ದಿತು.

ಎರಡನೆಯ ಭಾನುವಾರ ಭಾವಪರಿಣಾಮ. ಅದನ್ನು ಅಳೆಯುವುದಕ್ಕೆ ಲಕ್ಷ್ಮವ್ವನನ್ನು ಕರೆಸಿದರು. ಖಾಣಿ ಚಾಳಿನಲ್ಲಿ ಯಾರೇ ಸತ್ತರೂ ಲಕ್ಷ್ಮವ್ವ ಬಂದು ಹಾಡಿಕೊಂಡು ಅತ್ತರೇ ಸತ್ತವರಿಗೂ ಸಮಾಧಾನ. ಅಂಥ ಅಳುವಿನ ಮುತ್ಸದ್ದಿ. ಆದರೆ ಆಕೆಯದೊಂದು ರೀತಿ ಇತ್ತು, ಊರ ಕಡೆಯಿಂದ ಬಂದದ್ದು: ತನ್ನ ಮನೆಯ ಸಾವಿಗೆ ಬಂದು ಅತ್ತವರ ಮನೆಯದಕ್ಕೆ ಮಾತ್ರ ಅಳುವುದು. ಲಗ್ನದಲ್ಲಿ ಮುಯ್ಯಿ ಇದ್ದಂತೆ ಅಳುವಿನಲ್ಲೂ ಮುಯ್ಯಿ. ಇದು ಚಾಳಿನ ಹೆಂಗಸರಿಗೆಲ್ಲ ಗೊತ್ತು. ಸಮಿತಿಯಲ್ಲಿ ಹೆಂಗಸರು ಇರಲಿಲ್ಲ.

ಸಿಕಂದರ ಗಿಟಾರು ಹೆಗಲಿಗೆ ಹಾಕುತ್ತಿದ್ದಂತೆಯೇ ಲಕ್ಷ್ಮವ್ವ ಎದೆ ಬಡಿದುಕೊಂಡು, “ಅಯ್ಯಯ್ಯ ನನ್ನಪ್ಪಾ!” ಎಂದು ಶುರುಮಾಡಿಬಿಟ್ಟಳು. ಆಕೆಯ ಗಂಡ ಸತ್ತಾಗ ಸಿಕಂದರನ ತಾಯಿ ಹಜರತಬಿ ಬಂದು ಗಂಟಲು ಬಿದ್ದುಹೋಗುವಂತೆ ಅತ್ತಿದ್ದಳು. ಆ ಋಣ ತೀರಿಸಲು ಇಷ್ಟು ವರ್ಷ ಸಂದರ್ಭವೇ ಒದಗಿರಲಿಲ್ಲ. ಹಜರತಬಿಯ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು. “ನುಡಿಸುವ ಪೂರ್ವದಲ್ಲಿಯೇ ಪರಿಣಾಮ ಕಂಡುಬಂದಿದೆ,” ಎಂದು ಗದಿಗೆಪ್ಪ ಘೋಷಿಸಿದ. ಆಮೇಲೆ ಮರೆಪ್ಪ ಕೈ ಬೊಬ್ಬೆ ಏಳುವಂತೆ ಡ್ರಮ್ಮು ಬಡಿದ. ಲಕ್ಷ್ಮವ್ವ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು.

ಮರೆಪ್ಪ ಮರುಪರೀಕ್ಷೆ ಕೇಳಿದ. ಭಜಿಯ ಜೊತೆ ಜಿಲೇಬಿಯೂ ಬರುವುದೆಂದಾಗ ಸಮಿತಿಗೆ ಅವನ ಮಾತಿನಲ್ಲಿ ಹುರುಳು ಕಂಡಿತು. ಆ ವಾರದಲ್ಲೇ ಅವನ ತಾಯಿ ಕಾಂದಿವಲಿಯಿಂದ ಇಳಿದು ಬಂದು, ಲಕ್ಷ್ಮವ್ವನ ಹೊಸ್ತಿಲಲ್ಲಿ ಕೂತು, ಎಂದೋ ಸತ್ತ ಆಕೆಯ ಗಂಡನಿಗಾಗಿ ಹಾಡಿಕೊಂಡು ಅತ್ತಳು. ಮುಖ ಕಂಡವಳಲ್ಲ, ಹೆಸರು ಕೇಳಿಕೊಂಡು ಅತ್ತಳು. ಮುಂದಿನ ಭಾನುವಾರ ಲಕ್ಷ್ಮವ್ವ ಎರಡೂ ಪಾರ್ಟಿಗಳಿಗೆ ಒಂದೇ ಅಳತೆಯಲ್ಲಿ ಕಣ್ಣೀರು ಹಾಕಿದಳು. ನ್ಯಾಯದ ಹೆಂಗಸು.

ಎಲ್ಲವೂ ಸಮ ಸಮ. ಅಂದು ಗುರಲಿಂಗಪ್ಪನವರೂ ಇಸ್ತ್ರಿ ಟೊಪ್ಪಿಗೆ ಹಾಕಿಕೊಂಡು ಬಂದಿದ್ದರು. ಮಂಗಳವಾರ ಲಗ್ನ. ಗದಿಗೆಪ್ಪ ಗಂಟಲು ಸರಿಮಾಡಿಕೊಂಡು ಸಾರಿದ: “ವಿಷಯದ ಗಾಂಭೀರ್ಯವನ್ನು ಮನಗಂಡು, ಮುಂದಿನ ಬೈಠಕ್ಕನ್ನು ಗಣಪತಿ ವಿಸರ್ಜನೆಯ ತರುವಾಯ ಕರೆಯಲಾಗುವುದು.”

“ಹಂಗಾದ್ರ ಗಣಪತಿ ಆದ ಮ್ಯಾಲ ನೋಡೂಣ ಬಿಡ್ರಿ,” ಎಂದು ಗುರಲಿಂಗಪ್ಪನವರು ಎದ್ದರು. “ಅಷ್ಟರಾಗ ಬ್ಯಾರೆ ಕಡೆ ಹೆಣ್ಣು ಬಂದ್ರ, ನನಗ ಅನಬ್ಯಾಡ್ರಿ.”

ಲಗ್ನದ ಸೀರೆ ತಂದಾಗಿತ್ತು, ಚಪ್ಪರಕ್ಕೆ ಬಿದಿರು ನೆಟ್ಟಾಗಿತ್ತು. ಮಗಳು ಅರಿಷಿಣದ ಕೈಯಲ್ಲಿ ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಆ ಮುಖ ನೋಡಿದ್ದೇ ತಡ, ದೇವಕ್ಕ ನೆಲಕ್ಕೆ ಕುಸಿದು ಅಳತೊಡಗಿದಳು. ಹಾಡಲಿಲ್ಲ, ಮಾತಾಡಲಿಲ್ಲ, ಬರೇ ಅಳು. ಸಿಕಂದರ ಅತ್ತ, ಮರೆಪ್ಪ ಅತ್ತ, ಮುಯ್ಯಿಯ ನಿಯಮ ಮರೆತು ಲಕ್ಷ್ಮವ್ವ ಅತ್ತಳು. ಗುರಲಿಂಗಪ್ಪನವರೇ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು.

ಗದಿಗೆಪ್ಪ ಕೈ ಎತ್ತಿದ. “ಈಗ ಯಾವ ಪಾರ್ಟಿ ನುಡಸಾಕತ್ತಿತ್ತು?”

“ಯಾವುದೂ ಇಲ್ರೀ,” ಎಂದ ಶಂಕ್ರೆಪ್ಪ.

“ಯಾರೂ ನುಡಸಿಲ್ಲ, ಇಡೀ ಚಾಳು ಅತ್ತದ. ಎಲಾ ಇವನ! ಇದನ್ನ ಗುನುಗು ನೋಡೂಣ.”

ಶಂಕ್ರೆಪ್ಪ ಬಾಯಿ ತೆರೆದು, ಬೆವತು, ಬಾಯಿ ಮುಚ್ಚಿದ. ಗುನುಗಲು ಬರಲಿಲ್ಲ. ಜಟಿಲತೆಯೂ ಸಿದ್ಧವಾಯಿತು. ಸಮಿತಿ ಅಲ್ಲೇ ನಿಂತ ನಿಲುವಿನಲ್ಲಿ ತೀರ್ಪು ಕೊಟ್ಟಿತು: ಉಭಯ ಪಾರ್ಟಿಗಳ ಪೈಕಿ ಯಾವುದೊಂದು ನುಡಿಸುವುದಕ್ಕಿಂತಲೂ ಎರಡೂ ನುಡಿಸದಿರುವುದು ಮೇಲು.

“ಇದು ಮೇಲಿಂದು ಅಂತಾದ್ರ ನಮಗ ಇದ ಬೇಕು,” ಎಂದರು ಗುರಲಿಂಗಪ್ಪನವರು, ಮತ್ತೆ ಕೂತು.

ದೇವಕ್ಕನಿಗೆ ಹೋದ ಜೀವ ಬಂತು. “ಹಂಗಾದ್ರ ಬ್ಯಾಂಡ ಬ್ಯಾಡ ಅಂದಂಗಾತಲ್ರೀ?”

“ಏನ್ ಮಾತಂತ ಆಡ್ತೀಯವ್ವಾ!” ಗದಿಗೆಪ್ಪ ರೇಗಿದ. “ಬ್ಯಾಂಡ್ ಇಲ್ಲದಿರೂದು ಬ್ಯಾರೆ, ಬ್ಯಾಂಡ್ ಬಂದು ನುಡಸದ ಇರೂದು ಬ್ಯಾರೆ. ಇಲ್ಲದಿರೂದು ಬಡವರ ಮನಿಯಾಗ ದಿನಾ ನಡೀತದ. ಅದಕ್ಕ ಸಮಿತಿ ಯಾಕ ಬೇಕು?”

ಎರಡೂ ಪಾರ್ಟಿಗಳನ್ನು ಗೊತ್ತುಮಾಡಲಾಯಿತು. ನುಡಿಸುವುದಕ್ಕಿಂತ ನುಡಿಸದಿರುವುದಕ್ಕೆ ಅವರ ದರ ಹೆಚ್ಚು. ಕೈಯಲ್ಲಿ ಗಿಟಾರು ಹಿಡಿದು ತಡೆದುಕೊಳ್ಳುವುದು ಎಂಥ ಕಷ್ಟವೆಂದು ಸಿಕಂದರ ವಿವರಿಸಿದಾಗ ದೇವಕ್ಕನಿಗೂ ಅದು ಸರಿಯೆನಿಸಿತು. ಆಕೆ ಗಂಡ ಸತ್ತಾಗ ತೆಗೆದಿಟ್ಟ ಮೂಗುತಿಯನ್ನು ತಂದು ಕೊಟ್ಟಳು.

ಮಂಗಳವಾರ ಚಪ್ಪರದಲ್ಲಿ ಎರಡೂ ಪಾರ್ಟಿಗಳು ಹೊಳೆಯುವ ಅಂಗಿ ತೊಟ್ಟು ಎದುರುಬದುರು ನಿಂತವು. ಮರೆಪ್ಪ ಕೋಲು ಎತ್ತಿ ಹಾಗೇ ಹಿಡಿದ. ದಾದರಿನ ಮಂದಿ ಉಸಿರು ಬಿಗಿಹಿಡಿದು ಕೇಳಿದರು. ಸೀನಿದವನೊಬ್ಬನನ್ನು ಕತ್ತು ಹಿಡಿದು ಹೊರಗೆ ಕಳಿಸಲಾಯಿತು. “ಭಾಳ ಕ್ಲಿಯರ್ ಐತಿ,” ಎಂದು ಬೀಗರ ಕಡೆಯ ಹಿರಿಯರೊಬ್ಬರು ಪಿಸುಗುಟ್ಟಿದರು. ಅಕ್ಕಿಕಾಳು ಬಿದ್ದ ಮೇಲೆ ಯಾರೋ ವನ್ಸ್‌ಮೋರ್ ಎಂದರು. ಪಾರ್ಟಿಗಳು ಇನ್ನೊಮ್ಮೆ ಮೊದಲಿಂದ ನುಡಿಸದೆ ನಿಂತವು. ಗುರಲಿಂಗಪ್ಪನವರ ಮುಖದಲ್ಲಿ ತೃಪ್ತಿ ತುಂಬಿ ತುಳುಕಿತು.

ಹೆಣ್ಣನ್ನು ಕಳಿಸುವ ಹೊತ್ತು ಬಂತು. ದೇವಕ್ಕ ಮಗಳನ್ನು ತಬ್ಬಿಕೊಂಡಳು. ಇನ್ನೇನು ಅಳಬೇಕು, ಗದಿಗೆಪ್ಪ ಓಡಿಬಂದ.

“ತಡಿ ತಡಿ! ಈಗ ಮಗಳ ಸಲುವಾಗಿ ಅತ್ತಿ ಅಂದ್ರ, ಭಾನುವಾರ ಅತ್ತದ್ದೂ ಮಗಳ ಸಲುವಾಗಿನ ಅಂತ ಆಗ್ತದ. ಆಗ ಅದು ಸಂಗೀತದ ಪರಿಣಾಮ ಅಲ್ಲ. ತೀರ್ಪು ರದ್ದು. ತೀರ್ಪು ರದ್ದಾದ್ರ…”

ಗುರಲಿಂಗಪ್ಪನವರು ಆಗಲೇ ಹುಬ್ಬೇರಿಸಿದ್ದರು. ದೇವಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸುಂದ್ರವ್ವ ತಾಯಿಯ ಮುಖವನ್ನೇ ನೋಡಿದಳು.

“ಯವ್ವಾ, ನಾ ಹೊಂಟೀನಿ. ನೀ ಅಳೂದೂ ಇಲ್ಲೇನ?”

ದೇವಕ್ಕ ಇಲ್ಲವೆಂದು ತಲೆಯಾಡಿಸಿದಳು. ಅಷ್ಟು ಮಾಡುವುದಕ್ಕೆ ಆಕೆ ಎಷ್ಟು ಕಷ್ಟಪಟ್ಟಳೆಂಬುದು ತಾಯಂದಿರಿಗೆ ಮಾತ್ರ ತಿಳಿದೀತು. ಲಕ್ಷ್ಮವ್ವ ಸಿಟ್ಟಿನಿಂದ ಎದ್ದಳು.

“ಗದಿಗೆಪ್ಪಾ, ನಿನ್ನ ಸಂಘದ ಹದ್ದು ಎಲ್ಲೀತನಕ ಐತೋ?”

“ರೈಲ್ವೆ ಫಾಟಕದ ತನಕ.”

“ಅದರಾಚೆ?”

ಗದಿಗೆಪ್ಪ ಫಾಟಕದತ್ತ ಒಮ್ಮೆ ನೋಡಿದ. “ಅದರಾಚೆ ನಮಗ ಏನೂ ಕೇಳಸೂದಿಲ್ಲ,” ಎಂದ.

ಹೆಂಗಸರೆಲ್ಲ ಹೆಣ್ಣನ್ನು ನಡುವೆ ಹಾಕಿಕೊಂಡು ಫಾಟಕಕ್ಕೆ ನಡೆದರು. ಹಳಿ ದಾಟಿದ್ದೇ ತಡ, ದೇವಕ್ಕನ ಕಟ್ಟೆ ಒಡೆಯಿತು. ಚರ್ಚ್‌ಗೇಟ್ ಕಡೆಯ ಲೋಕಲ್ ಒಂದು ಅಬ್ಬರಿಸಿಕೊಂಡು ಹಾಯಿತು. ಆಕೆಯ ಅಳು ಅದಕ್ಕಿಂತ ಜೋರಾಗಿತ್ತು. ಈಚೆ ಕಡೆ ಗದಿಗೆಪ್ಪ ಕೈ ಹಿಂದೆ ಕಟ್ಟಿ, ಬೆನ್ನು ತಿರುಗಿಸಿ, ವಿಧಿವತ್ತಾಗಿ ಏನೂ ಕೇಳಿಸಿಕೊಳ್ಳದೆ ನಿಂತಿದ್ದ.

ಈಗ ಖಾಣಿ ಚಾಳಿನ ಯಾವ ಲಗ್ನವೂ ಎರಡು ಪಾರ್ಟಿಗಳು ನುಡಿಸದೆ ನಡೆಯುವುದಿಲ್ಲ. ಒಂದೇ ಪಾರ್ಟಿ ನುಡಿಸದಿದ್ದರೆ ಜನ ಆಡಿಕೊಳ್ಳುತ್ತಾರೆ. ಸಂಜೆ ಸಿಕಂದರ, ಮರೆಪ್ಪ ಮೈದಾನದಲ್ಲಿ ಅಭ್ಯಾಸಕ್ಕೆ ನಿಂತರೆ ಹೆಂಗಸರು ಮಕ್ಕಳ ಬಾಯಿ ಮುಚ್ಚಿಸಿ ಮನೆಯೊಳಗೆ ಕರೆದುಕೊಳ್ಳುತ್ತಾರೆ. ಹೆಣ್ಣು ಕಳಿಸುವ ಶಾಸ್ತ್ರದಲ್ಲಿ ಫಾಟಕ ದಾಟುವುದೂ ಸೇರಿಹೋಗಿದೆ. ಮೊನ್ನೆ ಚಾಳಿಗೆ ಹೊಸದಾಗಿ ಬಂದ ಇಮಾಮಬಿಯ ಮಗಳ ಲಗ್ನದಲ್ಲಿ, ಇಲ್ಲಿನ ರೂಢಿ ತಿಳಿಯದ ಆ ಹೆಂಗಸು ಚಪ್ಪರದಲ್ಲೇ ಬಿಕ್ಕಲು ಹೊರಟಾಗ ರಟ್ಟೆ ಹಿಡಿದು ತಡೆದವಳು ದೇವಕ್ಕನೇ.

“ಇಲ್ಲಿ ಬ್ಯಾಡ ಯಕ್ಕಾ,” ಎಂದಳು. “ಇಲ್ಲಿ ಅತ್ತರ ಬ್ಯಾಂಡಿನ ಲೆಕ್ಕಕ್ಕ ಹೋಗ್ತದ. ಫಾಟಕ ದಾಟು. ಅಲ್ಲಿ ಅತ್ತದ್ದೆಲ್ಲಾ ನಿಂದ.”